ಮೌಸಿನ ಸೆಲ್ಲು ಎಷ್ಟುಂಟು? ಗಡಿನಾಡ ಶಾಲೆಯ ಲಿನಕ್ಸ್ ಗಣಕದಲ್ಲಿ ಬ್ಯಾಟರಿ ಅಂಕಿಯನ್ನು ಓದುವ ಬಗೆ

ಸೊಲ್ಲಾಪುರ, ಅಕ್ಕಲಕೋಟೆ, ಜತ್ತ, ತಾಳವಾಡಿ, ಹೊಸೂರು, ಆದೋನಿ, ಮಡಕಶಿರಾ ಕಡೆಯಿಂದ ಸೇರಿದ ಹಿರಿಯರಿಗೂ ಗೆಳೆಯರಿಗೂ ಕಾಸರಗೋಡಿನಿಂದ ವಂದನೆ. ನನಗಿಂತ ಮೊದಲು ಮಾತಾಡಿದವರು ಕನ್ನಡ ಶಾಲೆಗಳ ಮಕ್ಕಳ ಸಂಖ್ಯೆ, ಪಠ್ಯಪುಸ್ತಕ, ಶಿಕ್ಷಕರ ನೇಮಕಾತಿ ಎಂಬ ದೊಡ್ಡ ವಿಷಯಗಳನ್ನು ಹೇಳಿದರು. ನನ್ನದು ಬಹಳ ಸಣ್ಣ ವಿಷಯ. ತಂತಿಯಿಲ್ಲದ ಮೌಸಿನೊಳಗೆ ಒಂದು ಸೆಲ್ಲು ಇರುತ್ತದಲ್ಲ, ಅದು ಎಷ್ಟು ಉಳಿದಿದೆ ಎಂದು ಲಿನಕ್ಸ್ ಗಣಕ ತೋರಿಸುವ ಅಂಕಿ ಎಲ್ಲಿಂದ ಬರುತ್ತದೆ, ಅದನ್ನು ಎಷ್ಟು ನಂಬಬೇಕು ಎಂಬುದಷ್ಟೇ ನಾನು ಹೇಳುವುದು.

ಒಂದು ಸೂಚನೆ. ಗೋಷ್ಠಿಯಲ್ಲಿ ಆದೇಶಗಳನ್ನು ಪರದೆಯ ಮೇಲೆ ಇಂಗ್ಲಿಷ್ ಅಕ್ಷರಗಳಲ್ಲಿ ತೋರಿಸಿದ್ದೆ. ಈ ಬರಹದಲ್ಲಿ ಅವು ನಾನು ಬಾಯಲ್ಲಿ ಹೇಳಿದ ಹಾಗೆಯೇ ಕನ್ನಡದಲ್ಲಿವೆ. ನೀವು ಟೈಪ್ ಮಾಡುವಾಗ ಇಂಗ್ಲಿಷಿನ ಸಣ್ಣ ಅಕ್ಷರ ಬಳಸಿದರಾಯಿತು.

ಈ ವಿಷಯ ಯಾಕೆ

ಕಾಸರಗೋಡು ಕೇರಳಕ್ಕೆ ಸೇರಿದ್ದು 1956ರ ನವೆಂಬರ್ 1ಕ್ಕೆ. ಅದರ ಚರ್ಚೆ ನಿಮಗೆಲ್ಲ ಗೊತ್ತುಂಟು, ನಾನು ತೆಗೆಯುವುದಿಲ್ಲ. ಆದರೆ ಅದರಿಂದ ಆಗ ಯಾರೂ ಎಣಿಸದ ಒಂದು ಸಂಗತಿ ನಡೆಯಿತು. ಕೇರಳದಲ್ಲಿ 2001ರಲ್ಲಿ ಐಟಿ ಅಟ್ ಸ್ಕೂಲ್ ಯೋಜನೆ ಶುರುವಾಯಿತು. ಮುಂದೆ ಶಾಲೆಗಳ ಗಣಕಗಳೆಲ್ಲ ಸ್ವತಂತ್ರ ತಂತ್ರಾಂಶಕ್ಕೆ, ಅಂದರೆ ಲಿನಕ್ಸಿಗೆ, ಬದಲಾದವು. ಆ ಯೋಜನೆಯೇ 2017ರಲ್ಲಿ ಕೈಟ್ ಎಂಬ ಸಂಸ್ಥೆಯಾಯಿತು. ಇವತ್ತು ಮಂಜೇಶ್ವರದಲ್ಲೋ ಕುಂಬಳೆಯಲ್ಲೋ ಬದಿಯಡ್ಕದಲ್ಲೋ ಕನ್ನಡ ಮಾಧ್ಯಮದಲ್ಲಿ ಓದುವ ಮಗು ಶಾಲೆಯಲ್ಲಿ ಮೊದಲು ಮುಟ್ಟುವ ಗಣಕ ಉಬುಂಟು ಆಧಾರದ ಲಿನಕ್ಸಿನದ್ದು. ಅದರ ಐಸಿಟಿ ಪಠ್ಯಪುಸ್ತಕ ಕನ್ನಡದಲ್ಲಿಯೂ ಬರುತ್ತದೆ. ಎಸ್ಸೆಸ್ಸೆಲ್ಸಿ ಐಟಿ ಪರೀಕ್ಷೆ ಬರೆಯುವುದೂ ಅದೇ ಗಣಕದಲ್ಲಿ.

ಹಾಗಾಗಿ ಯುನಿಕ್ಸ್ ಮಾದರಿಯ ವ್ಯವಸ್ಥೆ ನಮ್ಮ ಮಕ್ಕಳಿಗೆ ಬೆಂಗಳೂರಿನ ಕಂಪೆನಿಯವರ ಸಂಗತಿಯಲ್ಲ, ಎಂಟನೆ ಕ್ಲಾಸಿನ ಬೆಂಚಿನ ಸಂಗತಿ. ಆದರೆ ಅದು ಕೆಟ್ಟಾಗ, ತೊಡರಿದಾಗ, ವಿವರಣೆ ಕನ್ನಡದಲ್ಲಿ ಸಿಗುವುದಿಲ್ಲ. ಇಂಗ್ಲಿಷಿನಲ್ಲಿ ಉಂಟು, ಮಲಯಾಳದಲ್ಲಿ ಉಂಟು. ನಮ್ಮ ಟೀಚರ್‌ಗಳು ಎರಡನ್ನೂ ಅರ್ಥ ಮಾಡಿಕೊಳ್ಳುತ್ತಾರೆ, ಸರಿ. ಆದರೆ ಒಂದು ವಿಷಯವನ್ನು ಮಕ್ಕಳಿಗೆ ದಾಟಿಸಬೇಕಾದರೆ ಅದು ತಮ್ಮ ಮಾತಿನಲ್ಲಿ ಒಮ್ಮೆ ಕೂತಿರಬೇಕು.

ಲ್ಯಾಬಿನ ಮೌಸುಗಳು ಹೆಚ್ಚಾಗಿ ತಂತಿಯವು. ಆದರೆ ಪ್ರೊಜೆಕ್ಟರ್ ಇರುವ ತರಗತಿಯಲ್ಲಿ ಲ್ಯಾಪ್‌ಟಾಪಿನಿಂದ ದೂರ ನಿಂತು ಪಾಠ ಮಾಡಲಿಕ್ಕೆ ತಂತಿಯಿಲ್ಲದ ಮೌಸೇ ಅನುಕೂಲ. ಟೀಚರ್‌ಗಳು ತಾವೇ ಕೊಂಡು ತರುತ್ತಾರೆ. ಅದು ನಿಂತಾಗ ಮೂರು ಬಗೆಯ ನಷ್ಟ ನೋಡಿದ್ದೇನೆ. ಸೆಲ್ಲು ಮುಗಿದ ಮೌಸನ್ನು ಹಾಳಾಯಿತೆಂದು ಬಿಸಾಡುವುದು ಒಂದು. ಇನ್ನೂ ಜೀವ ಇರುವ ಸೆಲ್ಲನ್ನು ತೆಗೆದು ಹೊಸತು ಹಾಕುವುದು ಎರಡು. ಮೂರನೆಯದು ಎಲ್ಲಕ್ಕಿಂತ ಕಷ್ಟದ್ದು: ಪರದೆಯಲ್ಲಿ ಅರ್ಧಕ್ಕಿಂತ ಜಾಸ್ತಿ ಉಂಟೆಂದು ತೋರಿಸುತ್ತಿತ್ತು, ಅದನ್ನು ನಂಬಿ ಪರೀಕ್ಷೆಗೆ ಕೂತರು, ನಡುವೆ ನಿಂತಿತು. ಅಲ್ಲಿ ಹೋಗುವ ಐದು ನಿಮಿಷ ಮಗುವಿನದ್ದು.

ಅಂಕಿ ನಡೆದು ಬರುವ ದಾರಿ

ಮದುವೆ ಊಟದಲ್ಲಿ ಸಾರು ಎಷ್ಟುಂಟು ಎಂದು ಯಜಮಾನರು ಕೇಳುತ್ತಾರೆ. ಅಡುಗೆ ಭಟ್ಟರು ಪಾತ್ರೆಯನ್ನು ಇಣುಕಿ "ಉಂಟು, ಸಾಕು" ಅನ್ನುತ್ತಾರೆ. ಬಡಿಸುವವನು ಬಂದು "ಅರ್ಧ ಪಾತ್ರೆ ಉಂಟಂತೆ" ಅನ್ನುತ್ತಾನೆ. ಪಂಕ್ತಿಯ ಕೊನೆಗೆ ಮುಟ್ಟುವಾಗ ಅದು "ಇನ್ನು ಐವತ್ತೈದು ಎಲೆಗೆ ಸಾಕು" ಎಂದಾಗಿರುತ್ತದೆ. ಯಾರೂ ಸುಳ್ಳು ಹೇಳಲಿಲ್ಲ. ಆದರೆ ಐವತ್ತೈದನ್ನು ಯಾರೂ ಎಣಿಸಲೂ ಇಲ್ಲ. ಮೌಸಿನ ಅಂಕಿಯೂ ಹೀಗೇ ಐದು ಕೈ ದಾಟಿ ಬರುತ್ತದೆ.

ಮೊದಲ ಕೈ ಮೌಸಿನೊಳಗಿನ ಚಿಪ್. ಸೆಲ್ಲಿನಲ್ಲಿ ಉಳಿದ ಶಕ್ತಿಯನ್ನು ನೇರವಾಗಿ ಅಳೆಯಲು ಅದಕ್ಕೆ ಸಾಧ್ಯವಿಲ್ಲ. ಅದಕ್ಕೆ ಕಾಣುವುದು ವೋಲ್ಟೇಜ್ ಒಂದೇ. ಇಷ್ಟು ವೋಲ್ಟೇಜ್ ಇದ್ದರೆ ಇಷ್ಟು ಉಳಿದಿರಬಹುದು ಎಂಬ ಕೋಷ್ಟಕವನ್ನು ತಯಾರಕರು ಮೊದಲೇ ಒಳಗೆ ಬರೆದಿಟ್ಟಿರುತ್ತಾರೆ.

ಎರಡನೆಯ ಕೈ ರೇಡಿಯೊ. ಒಂದೋ ಯುಎಸ್‌ಬಿಗೆ ಚುಚ್ಚುವ ಪುಟ್ಟ ರಿಸೀವರ್, ಇಲ್ಲವೇ ಬ್ಲೂಟೂತ್. ಮೂರನೆಯದು ಲಿನಕ್ಸಿನ ತಿರುಳಾದ ಕರ್ನೆಲ್ಲಿನಲ್ಲಿರುವ ಡ್ರೈವರ್. ಅದಕ್ಕೆ ಆ ಮೌಸಿನ ಭಾಷೆ ಗೊತ್ತಿದ್ದರೆ ಮಾತ್ರ ಸುದ್ದಿ ಮುಂದಕ್ಕೆ ಹೋಗುತ್ತದೆ. ನಾಲ್ಕನೆಯದು ಯುಪವರ್ ಎಂಬ ಹಿನ್ನೆಲೆ ಸೇವೆ. ಲ್ಯಾಪ್‌ಟಾಪ್, ಮೌಸ್, ಕೀಬೋರ್ಡ್ ಎಲ್ಲದರ ಬ್ಯಾಟರಿ ಲೆಕ್ಕವನ್ನು ಒಟ್ಟು ಮಾಡಿ ಇಡುವುದು ಅದರ ಕೆಲಸ. ಐದನೆಯದು ನೀವು ನೋಡುವ ಪರದೆ: ಸೆಟ್ಟಿಂಗ್ಸ್‌ನ ಪವರ್ ಪುಟ, ಅಥವಾ ಮೇಲೆ ಬರುವ ಎಚ್ಚರಿಕೆ.

ನಾನು ಇವತ್ತು ಹೇಳಬೇಕೆಂದಿರುವುದು ಒಂದೇ. ಅಂಕಿ ಕಂಡಾಗ "ಎಷ್ಟು?" ಎಂದು ಕೇಳುವ ಮೊದಲು "ಇದನ್ನು ಹೇಳಿದ್ದು ಯಾವ ಕೈ?" ಎಂದು ಕೇಳಿ. ಆಗ ಅರ್ಧ ಸಮಸ್ಯೆ ಮುಗಿಯಿತು.

ಮೂರು ಬಗೆಯ ಮೌಸು

ಒಂದನೆಯ ಬಗೆ, ಲಾಜಿಟೆಕ್‌ನ ಯೂನಿಫೈಯಿಂಗ್ ರಿಸೀವರಿನಂಥದ್ದು. ಒಂದು ರಿಸೀವರಿಗೆ ಆರು ಸಾಧನಗಳನ್ನು ಜೋಡಿಸಬಹುದು. ಇವು ಎಚ್‌ಐಡಿ ಪ್ಲಸ್ ಪ್ಲಸ್ ಎಂಬ ಭಾಷೆಯಲ್ಲಿ ಮಾತಾಡುತ್ತವೆ, ಅದರಲ್ಲಿ ಬ್ಯಾಟರಿಯ ಸುದ್ದಿಗೆ ಪ್ರತ್ಯೇಕ ಜಾಗ ಉಂಟು. ಲಿನಕ್ಸ್ ಕರ್ನೆಲ್ಲಿನಲ್ಲಿ ಇದಕ್ಕೆಂದೇ ಡ್ರೈವರ್ ಉಂಟು, ನೀವು ಏನೂ ಹಾಕಬೇಕಾಗಿಲ್ಲ. ಆದರೆ ಲಾಜಿಟೆಕ್‌ನದ್ದೇ ಎಲ್ಲ ಅಗ್ಗದ ಮಾದರಿಗಳೂ ಈ ಸುದ್ದಿ ಕೊಡುತ್ತವೆಂದು ತಿಳಿಯಬೇಡಿ.

ಎರಡನೆಯದು ಬ್ಲೂಟೂತ್ ಮೌಸು. ಈಗಿನ ಬ್ಲೂಟೂತ್ ಲೋ ಎನರ್ಜಿಯಲ್ಲಿ ಬ್ಯಾಟರಿ ಸರ್ವಿಸ್ ಎಂಬ ಮಾನಕ ಉಂಟು. ಅದರಲ್ಲಿ 0ಯಿಂದ 100ರ ವರೆಗಿನ ಒಂದು ಸಂಖ್ಯೆ, ಒಂದೇ ಬೈಟು. ಕಂಪೆನಿ ಯಾವುದಾದರೂ ಭಾಷೆ ಒಂದೇ, ಹಾಗಾಗಿ ಇಲ್ಲಿ ತೊಂದರೆ ಕಡಿಮೆ.

ಮೂರನೆಯದು ಪೇಟೆಯಲ್ಲಿ ಅಗ್ಗಕ್ಕೆ ಸಿಗುವ 2.4 ಗಿಗಾಹರ್ಟ್ಸ್ ಮೌಸು. ಇದರ ರಿಸೀವರ್ ಗಣಕಕ್ಕೆ "ನಾನೊಂದು ಮಾಮೂಲಿ ಯುಎಸ್‌ಬಿ ಮೌಸು" ಎಂದಷ್ಟೇ ಹೇಳುತ್ತದೆ. ಚಲನೆ, ಗುಂಡಿ, ಚಕ್ರ, ಇಷ್ಟೇ ಸುದ್ದಿ. ಒಳಗೆ ಸೆಲ್ಲು ಉಂಟೆಂಬುದೇ ಗಣಕಕ್ಕೆ ಗೊತ್ತಾಗುವುದಿಲ್ಲ. ನಮ್ಮ ತರಗತಿಗಳಲ್ಲಿ ನಾನು ಹೆಚ್ಚಾಗಿ ಕಂಡದ್ದು ಈ ಮೂರನೆಯ ಬಗೆಯನ್ನೇ.

ನೋಡುವುದು ಹೇಗೆ

ಟರ್ಮಿನಲ್ ತೆರೆದು "ಯುಪವರ್" ಎಂದು ಬರೆದು, ಒಂದು ಜಾಗ ಬಿಟ್ಟು, ಅಡ್ಡಗೀಟು ಹಾಕಿ "ಇ" ಅಕ್ಷರ ಒತ್ತಿ. ಗಣಕಕ್ಕೆ ಗೊತ್ತಿರುವ ವಿದ್ಯುತ್ ಸಾಧನಗಳ ಪಟ್ಟಿ ಬರುತ್ತದೆ. ಅದರಲ್ಲಿ ಮೌಸ್ ಎಂದೋ ಎಚ್‌ಐಡಿಪಿಪಿ ಎಂದೋ ಹೆಸರಿದ್ದರೆ ನಿಮ್ಮದು ಮಾತಾಡುವ ಮೌಸು. ಇಲ್ಲದಿದ್ದರೆ ಒಮ್ಮೆ ಮೌಸನ್ನು ಅಲ್ಲಾಡಿಸಿ ಪುನಃ ನೋಡಿ. ಯಾಕಂದರೆ ಈ ಮೌಸುಗಳು ಸೆಲ್ಲು ಉಳಿಸಲಿಕ್ಕೆ ನಿದ್ದೆ ಹೋಗುತ್ತವೆ, ಎದ್ದು ಸಂಪರ್ಕಕ್ಕೆ ಬಂದ ಮೇಲೆಯೇ ಸುದ್ದಿ ಕೊಡುತ್ತವೆ. ಆಮೇಲೂ ಪಟ್ಟಿಯಲ್ಲಿ ಇಲ್ಲವಾದರೆ ಮೂರನೆಯ ಬಗೆ ಎಂದು ತಿಳಿಯಬಹುದು. ಇ ಬದಲು "ಡಿ" ಹಾಕಿದರೆ ಎಲ್ಲ ಸಾಧನಗಳ ಪೂರ್ತಿ ವಿವರ ಒಟ್ಟಿಗೇ ಬರುತ್ತದೆ.

ಯುಪವರನ್ನು ದಾಟಿ ನೇರ ಕರ್ನೆಲ್ಲನ್ನೇ ಕೇಳಲೂ ಬರುತ್ತದೆ. ಯುನಿಕ್ಸಿನ ಹಳೆಯ ಕ್ರಮ ನಿಮಗೆ ಗೊತ್ತಿರಬಹುದು: ಆದಷ್ಟು ಎಲ್ಲವನ್ನೂ ಕಡತದಂತೆ ತೋರಿಸುವುದು. ಸ್ಲ್ಯಾಶ್ ಸಿಸ್, ಸ್ಲ್ಯಾಶ್ ಕ್ಲಾಸ್, ಸ್ಲ್ಯಾಶ್ ಪವರ್ ಅಂಡರ್‌ಸ್ಕೋರ್ ಸಪ್ಲೈ ಎಂಬ ಕಡತಕೋಶಕ್ಕೆ ಹೋದರೆ ಒಂದೊಂದು ಬ್ಯಾಟರಿಗೆ ಒಂದೊಂದು ಕೋಶ ಕಾಣುತ್ತದೆ. ಇವು ಡಿಸ್ಕಿನಲ್ಲಿ ಬರೆದಿಟ್ಟ ಕಡತಗಳಲ್ಲ. ನೀವು ಓದುವ ಹೊತ್ತಿಗೆ ಕರ್ನೆಲ್ ತನಗೆ ಗೊತ್ತಿರುವುದನ್ನು ಬರೆದು ಕೊಡುತ್ತದೆ.

ಒಳಗೆ ಮಾಡೆಲ್ ನೇಮ್ ಎಂಬ ಕಡತದಲ್ಲಿ ಮೌಸಿನ ಹೆಸರು, ಸ್ಟೇಟಸ್‌ನಲ್ಲಿ ಅದು ಖರ್ಚಾಗುತ್ತಿದೆಯೋ ಚಾರ್ಜ್ ಆಗುತ್ತಿದೆಯೋ ಎಂಬುದು ಇರುತ್ತದೆ. ಬಿಎಟಿ ಎಂದು ಶುರುವಾಗುವ ಕೋಶ ಲ್ಯಾಪ್‌ಟಾಪಿನದ್ದು, ಅದನ್ನು ಮೌಸಿನದ್ದೆಂದು ಓದಬಾರದು. ಗೊಂದಲವಾದರೆ ಸ್ಕೋಪ್ ಎಂಬ ಕಡತ ನೋಡಿ. ಅದರಲ್ಲಿ ಡಿವೈಸ್ ಎಂದಿದ್ದರೆ ಅದು ಹೊರಗಿನ ಸಾಧನದ ಬ್ಯಾಟರಿ.

ಇನ್ನು ಮುಖ್ಯ ಭಾಗ. ಕೆಲವು ಮೌಸುಗಳ ಕೋಶದಲ್ಲಿ ಕೆಪಾಸಿಟಿ ಎಂಬ ಕಡತ ಇರುತ್ತದೆ, ಅದರಲ್ಲಿ ಶೇಕಡಾ ಅಂಕಿ. ಇನ್ನು ಕೆಲವದರಲ್ಲಿ ಅದು ಇಲ್ಲ, ಕೆಪಾಸಿಟಿ ಲೆವೆಲ್ ಎಂಬುದು ಮಾತ್ರ. ಅದರಲ್ಲಿ ಅಂಕಿಯಲ್ಲ, ಒಂದು ಶಬ್ದ: ಫುಲ್, ಹೈ, ನಾರ್ಮಲ್, ಲೋ, ಕ್ರಿಟಿಕಲ್ ಇವುಗಳಲ್ಲಿ ಒಂದು. ಅಂದರೆ ಅಡುಗೆ ಭಟ್ಟರು "ಸಾಕು" ಎಂದಷ್ಟೇ ಹೇಳಿದ್ದಾರೆ.

55 ಎಂಬ ಅಂಕಿಯ ಕಥೆ

ಶಬ್ದ ಮಾತ್ರ ಬಂದಾಗ ಯುಪವರ್ ಏನು ಮಾಡುತ್ತದೆ? ಶೇಕಡಾ ಕೇಳುವ ತಂತ್ರಾಂಶಗಳಿಗೆ ಏನಾದರೂ ಕೊಡಬೇಕಲ್ಲ, ಹಾಗಾಗಿ ಒಂದೊಂದು ಶಬ್ದಕ್ಕೆ ಒಂದೊಂದು ಅಂಕಿ ಇಟ್ಟಿದೆ. ಫುಲ್ ಅಂದರೆ 100. ಹೈ ಅಂದರೆ 70. ನಾರ್ಮಲ್ ಅಂದರೆ 55. ಲೋ ಅಂದರೆ 10. ಕ್ರಿಟಿಕಲ್ ಅಂದರೆ 5.

ಈಗ ಯೋಚಿಸಿ. ನಾರ್ಮಲ್ ಎಂಬ ಹಂತ ಎಷ್ಟು ಉದ್ದವೋ ಅಷ್ಟು ದಿನವೂ 55 ಎಂದೇ ತೋರುತ್ತದೆ. ಮೊನ್ನೆ ಹಾಕಿದ ಸೆಲ್ಲಿಗೂ 55, ನಾಳೆ ಕೆಳಗಿಳಿಯುವ ಸೆಲ್ಲಿಗೂ 55. ಆಮೇಲೆ ಒಂದು ದಿನ ಸೀದಾ 10. ನಡುವೆ 54, 40, 25 ಎಂಬುದು ಬರುವುದೇ ಇಲ್ಲ. "ನಿನ್ನೆ ಐವತ್ತೈದಿತ್ತು, ಇವತ್ತು ಹತ್ತು, ಸೆಲ್ಲು ಡುಪ್ಲಿಕೇಟ್ ಮಾರಾಯ್ರೇ" ಎಂದು ಅಂಗಡಿಯವನಿಗೆ ಬೈಯುವುದು ಇದೇ ಕಾರಣಕ್ಕೆ. ಪಾಪ, ಅವನ ತಪ್ಪೇನೂ ಇಲ್ಲ.

ಯುಪವರ್ ಇದನ್ನು ಮುಚ್ಚಿಡುವುದೂ ಇಲ್ಲ. ಡಿ ಹಾಕಿ ನೋಡಿದರೆ ಅಂಕಿಯ ಪಕ್ಕದಲ್ಲಿಯೇ ಕಂಸದೊಳಗೆ ಇಂಗ್ಲಿಷಿನಲ್ಲಿ "ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬಾರದು" ಎಂಬ ಅರ್ಥದ ಮಾತು ಬರೆದಿರುತ್ತದೆ. ಅಷ್ಟು ಒಳ್ಳೆಯ ಎಚ್ಚರಿಕೆ, ಆದರೆ ಇರುವುದು ಟರ್ಮಿನಲ್ಲಿನಲ್ಲಿ, ಇಂಗ್ಲಿಷಿನಲ್ಲಿ, ಕಂಸದ ಒಳಗೆ. ಬರಿಯ ಅಂಕಿಯನ್ನು ಎತ್ತಿ ಪರದೆಯ ಮೂಲೆಯಲ್ಲಿ ತೋರಿಸುವ ಸಣ್ಣ ತಂತ್ರಾಂಶಗಳಲ್ಲಿ ಆ ಕಂಸ ಉದುರಿ ಹೋಗುತ್ತದೆ. ಉಳಿಯುವುದು 55 ಮಾತ್ರ.

ಆದ್ದರಿಂದ ನನ್ನ ನಿಯಮ ಇಷ್ಟು. ಒಂದು ವಾರ ನೋಡಿಯೂ ಅಂಕಿ ಕದಲದೆ 55, 70 ಅಥವಾ 100ರಲ್ಲೇ ಇದ್ದರೆ ಅದು ಅಂಕಿಯ ವೇಷ ಹಾಕಿದ ಶಬ್ದವೆಂದು ಸಂಶಯ ಪಡಿ. ಆ ಮೌಸಿನಲ್ಲಿ ಲೋ ಎಂಬುದೊಂದೇ ನಿಮಗೆ ಉಪಯೋಗದ ಸುದ್ದಿ. ಅದು ಬಂದ ದಿನವೇ ಸೆಲ್ಲು ಬದಲಿಸಿ. ಪರೀಕ್ಷೆ ಇದ್ದರೆ ಬರುವ ವರೆಗೆ ಕಾಯಲೂ ಬೇಡಿ, ಅಥವಾ ತಂತಿ ಮೌಸನ್ನೇ ಹಾಕಿ.

ಸೆಲ್ಲು ಯಾವುದು ಎಂಬುದೂ ಮುಖ್ಯ

ನಿಜವಾದ ಶೇಕಡಾ ಕೊಡುವ ಮೌಸಿನಲ್ಲಿಯೂ ಒಂದು ತೊಡಕು ಉಂಟು. ಮೌಸಿನ ಕೋಷ್ಟಕ ಸಾಮಾನ್ಯವಾಗಿ ಆಲ್ಕಲೈನ್ ಸೆಲ್ಲನ್ನು ಮನಸ್ಸಿನಲ್ಲಿಟ್ಟು ಮಾಡಿದ್ದು. ಆಲ್ಕಲೈನ್ ಪೆನ್ಸಿಲ್ ಸೆಲ್ಲು ಹೊಸತಿರುವಾಗ 1.5 ವೋಲ್ಟು ಅಥವಾ ಸ್ವಲ್ಪ ಜಾಸ್ತಿ. ಬಳಸಿದ ಹಾಗೆ ಗುಡ್ಡದ ಇಳಿಜಾರಿನಂತೆ ನಿಧಾನಕ್ಕೆ ಇಳಿದು 1 ವೋಲ್ಟಿನ ಹತ್ತಿರ ಬರುತ್ತದೆ. ಇಳಿಜಾರು ಇರುವುದರಿಂದ ಎಲ್ಲಿ ನಿಂತಿದ್ದೇವೆಂದು ಅಂದಾಜು ಮಾಡಬಹುದು.

ಪುನಃ ಪುನಃ ಚಾರ್ಜ್ ಮಾಡುವ ನಿಕ್ಕಲ್ ಮೆಟಲ್ ಹೈಡ್ರೈಡ್ ಸೆಲ್ಲು ಹಾಗಲ್ಲ. ಅದು 1.2 ವೋಲ್ಟಿನ ಆಸುಪಾಸಿನಲ್ಲಿ ಗದ್ದೆಯ ಬಯಲಿನಂತೆ ಸಪಾಟಾಗಿ ಹೋಗಿ, ಕೊನೆಗೆ ಕಟ್ಟೆಯಿಂದ ಬಿದ್ದಂತೆ ಒಮ್ಮೆಲೇ ಬೀಳುತ್ತದೆ. ಆಲ್ಕಲೈನಿನ ಕೋಷ್ಟಕ ಇದನ್ನು ನೋಡಿದರೆ ಪೂರ್ತಿ ಚಾರ್ಜಾದ ಸೆಲ್ಲನ್ನೂ ಅರ್ಧ ಖಾಲಿ ಎಂದೇ ಹೇಳೀತು. ಬಹಳ ದಿನ ಅಲ್ಲೇ ನಿಂತು, ಆಮೇಲೆ ಎಚ್ಚರಿಕೆಗೂ ಸಮಯ ಕೊಡದೆ ಮೌಸು ನಿಲ್ಲಬಹುದು. ಚಾರ್ಜ್ ಮಾಡುವ ಸೆಲ್ಲು ಬೇಡವೆಂದು ಹೇಳುತ್ತಿಲ್ಲ. ಖರ್ಚು ಉಳಿಯುತ್ತದೆ, ಕಸವೂ ಕಡಿಮೆ. ಅದನ್ನು ಹಾಕಿದಾಗ ಅಂಕಿಯನ್ನಲ್ಲ, ತಾರೀಕನ್ನು ನೋಡಿ ಚಾರ್ಜ್ ಮಾಡಿ ಅಂತ ಹೇಳುವುದು.

ಗೋಡೆ ಗಡಿಯಾರಕ್ಕೆ ಹಾಕುವ ಅಗ್ಗದ ಕಾರ್ಬನ್ ಸೆಲ್ಲು ಮೌಸಿಗೆ ಒಳ್ಳೆಯದಲ್ಲ. ಬೇಗ ಮುಗಿಯುತ್ತದೆ, ಮುಗಿದ ಮೇಲೆ ಸೋರುವ ಸಂಭವವೂ ಉಂಟು. ಯಾವ ಸೆಲ್ಲೇ ಆಗಲಿ, ಎಪ್ರಿಲ್-ಮೇ ರಜೆಗೆ ಮೊದಲು ಹೊರಗೆ ತೆಗೆದಿಡಿ. ಜೂನಿನಲ್ಲಿ ಶಾಲೆ ತೆರೆದಾಗ ಸ್ಪ್ರಿಂಗಿನಲ್ಲಿ ಹಸುರು-ಬಿಳಿ ಹುಡಿ ಹಿಡಿದ ಮೌಸುಗಳನ್ನು ನಾನು ಬಹಳ ಕಂಡಿದ್ದೇನೆ.

ಕನ್ನಡದಲ್ಲಿ ಎಚ್ಚರಿಕೆ

ಎಚ್ಚರಿಕೆಯನ್ನು ನಾವೇ ಬರೆಯಬಹುದು, ಕನ್ನಡದಲ್ಲಿಯೇ ಬರೆಯಬಹುದು. ಹೈಸ್ಕೂಲಿನ ಮಕ್ಕಳಿಗೆ ಇದೊಂದು ಒಳ್ಳೆಯ ಅಭ್ಯಾಸ. ಕೆಲವು ಸಾಲಿನ ಶೆಲ್ ಸ್ಕ್ರಿಪ್ಟು ಸಾಕು.

ಮೊದಲನೆ ಹೆಜ್ಜೆ: ಪವರ್ ಸಪ್ಲೈ ಕೋಶದ ಒಳಗಿನ ಒಂದೊಂದನ್ನೂ ತಿರುಗಿ ನೋಡಿ, ಸ್ಕೋಪ್‌ನಲ್ಲಿ ಡಿವೈಸ್ ಎಂದಿರುವುದನ್ನು ಆರಿಸು. ಹೆಸರನ್ನು ನೇರ ಬರೆದಿಡಬಾರದು. ರಿಸೀವರನ್ನು ತೆಗೆದು ಹಾಕಿದರೆ ಹೆಸರಿನ ಕೊನೆಯ ಸಂಖ್ಯೆ ಬದಲಾಗಬಹುದು, ಇವತ್ತಿನ 0 ನಾಳೆ 1 ಆದೀತು. ಎರಡನೆ ಹೆಜ್ಜೆ: ಕೆಪಾಸಿಟಿ ಇದ್ದರೆ ಅದು 20ಕ್ಕಿಂತ ಕಡಿಮೆಯೋ ನೋಡು. ಇಲ್ಲದಿದ್ದರೆ ಕೆಪಾಸಿಟಿ ಲೆವೆಲ್‌ನಲ್ಲಿ ಲೋ ಅಥವಾ ಕ್ರಿಟಿಕಲ್ ಉಂಟೋ ನೋಡು. ಮೂರನೆ ಹೆಜ್ಜೆ: ಹೌದಾದರೆ ನೋಟಿಫೈ ಸೆಂಡ್ ಆದೇಶದಿಂದ ಪರದೆಯ ಮೇಲೆ ಸಂದೇಶ ತೋರಿಸು. ಸಂದೇಶದ ಜಾಗದಲ್ಲಿ ಯುನಿಕೋಡ್ ಕನ್ನಡ ಟೈಪ್ ಮಾಡಿದರೆ ಹಾಗೆಯೇ ಬರುತ್ತದೆ. ನಾಲ್ಕನೆ ಹೆಜ್ಜೆ: ತಾರೀಕು ಮತ್ತು ಓದಿದ ಬೆಲೆಯನ್ನು ಒಂದು ಕಡತದ ಕೊನೆಗೆ ಸೇರಿಸು.

ಇದನ್ನು ಗಂಟೆಗೊಮ್ಮೆ ಓಡಿಸಲಿಕ್ಕೆ ಕ್ರಾನ್ ಉಂಟು. ಆದರೆ ಕ್ರಾನ್ ನಿಮ್ಮ ಡೆಸ್ಕ್‌ಟಾಪಿನ ಹೊರಗೆ ನಿಂತು ಓಡುವುದರಿಂದ ಸಂದೇಶ ಪರದೆಗೆ ಮುಟ್ಟದೆ ಹೋಗುವುದುಂಟು. ಲಾಗಿನ್ ಆದ ಬಳಕೆದಾರರ ಹೆಸರಲ್ಲೇ ನಡೆಯುವ ಸಿಸ್ಟಮ್‌ಡಿ ಟೈಮರ್ ಇದಕ್ಕಿಂತ ಸುಲಭ.

ನಾಲ್ಕನೆಯ ಹೆಜ್ಜೆಯನ್ನು ದಯವಿಟ್ಟು ಬಿಡಬೇಡಿ. ಒಂದು ಶಾಲಾ ವರ್ಷದ ಪಟ್ಟಿ ಕೈಯಲ್ಲಿದ್ದರೆ, ನಿಮ್ಮ ತರಗತಿಯಲ್ಲಿ ಒಂದು ಸೆಲ್ಲು ಎಷ್ಟು ದಿನ ಬಂತು ಎಂಬುದು ನಿಮ್ಮದೇ ಲೆಕ್ಕ. ಯಾವ ಕಂಪೆನಿಯ ಪೊಟ್ಟಣದ ಮೇಲಿನ ಮಾತಿಗಿಂತಲೂ ಅದು ಗಟ್ಟಿ. ಮಕ್ಕಳು ಅದೇ ಅಂಕಿಗಳಿಂದ ಗ್ರಾಫ್ ಬಿಡಿಸಬಹುದು. ಇಳಿಜಾರು ಮತ್ತು ಬಯಲಿನ ವ್ಯತ್ಯಾಸ ಆಗ ಕಣ್ಣಿಗೇ ಕಾಣುತ್ತದೆ.

ಪ್ರಶ್ನೋತ್ತರದಿಂದ

ಸೊಲ್ಲಾಪುರದಿಂದ ಒಬ್ಬ ಗುರುಗಳು ಕೇಳಿದರು: "ನಮ್ಮಲ್ಲಿ ಇರೋದು ಎಲ್ಲಾ ಮೂರನೇ ಬಗೀದು. ಯಾವ ಸಾಫ್ಟ್‌ವೇರ್ ಹಾಕಿದ್ರ ಅಂಕಿ ಕಾಣ್ತದ?" ಯಾವುದು ಹಾಕಿದರೂ ಕಾಣುವುದಿಲ್ಲ, ಸರ್. ಮೌಸೇ ಹೇಳದ ಸುದ್ದಿಯನ್ನು ತಂತ್ರಾಂಶ ಹುಟ್ಟಿಸಲಾಗದು. ಸೋಲಾರ್ ಎಂಬ ಒಳ್ಳೆಯ ಸ್ವತಂತ್ರ ತಂತ್ರಾಂಶ ಉಂಟು, ಅದೂ ಲಾಜಿಟೆಕ್ ಸಾಧನಗಳಿಗೆ ಮಾತ್ರ. ನಿಮ್ಮ ಮೌಸುಗಳಿಗೆ ಒಂದು ತುಂಡು ಕಾಗದದಲ್ಲಿ ಸೆಲ್ಲು ಹಾಕಿದ ತಾರೀಕು ಬರೆದು ಅಡಿಗೆ ಅಂಟಿಸಿ. ಕೆಲವದರಲ್ಲಿ ಸೆಲ್ಲು ಇಳಿದಾಗ ಕೆಂಪು ದೀಪ ಮಿನುಗುತ್ತದೆ, ಅದನ್ನು ಮಕ್ಕಳಿಗೆ ತೋರಿಸಿ ಕೊಡಿ.

ತಾಳವಾಡಿಯಿಂದ ಬಂದ ಪ್ರಶ್ನೆ: ಇದು ಕೇರಳದ ಶಾಲೆಗಳ ಲಿನಕ್ಸಿಗೆ ಮಾತ್ರವೋ? ಅಲ್ಲ. ಉಬುಂಟು, ಡೆಬಿಯನ್, ಫೆಡೋರಾ, ಸಿ-ಡ್ಯಾಕ್‌ನವರ ಬಾಸ್, ಯಾವುದೇ ಆಗಲಿ, ಕರ್ನೆಲ್ ಲಿನಕ್ಸ್ ಆಗಿದ್ದರೆ ಪವರ್ ಸಪ್ಲೈ ಕೋಶ ಅದೇ ಜಾಗದಲ್ಲಿ ಉಂಟು. ಬೇರೆ ಯುನಿಕ್ಸ್ ಮಾದರಿಗಳಲ್ಲಿ ದಾರಿ ಬೇರೆ. ಓಪನ್‌ಬಿಎಸ್‌ಡಿಯಲ್ಲಿ ಲಾಜಿಟೆಕ್ ಡ್ರೈವರ್ ಈ ಸುದ್ದಿಯನ್ನು ಸೆನ್ಸರ್‌ಗಳ ಪಟ್ಟಿಯಲ್ಲಿ ಇಡುತ್ತದೆ, ಸಿಸ್‌ಸಿಟಿಎಲ್ ಆದೇಶದಿಂದ ಓದಬಹುದು. ಕೈ ಬೇರೆ, ಕೇಳಬೇಕಾದ ಪ್ರಶ್ನೆ ಒಂದೇ.

ಮಂಜೇಶ್ವರದ ಟೀಚರ್ ಒಬ್ಬರು ಕೇಳಿದ್ದು: "ಹೊಸ ಸೆಲ್ಲು ಹಾಕಿಯೂ ಬಾಣ ತಡವರಿಸುತ್ತದೆ, ಎಂತ ಮಾಡುವುದು?" ಆಗ ಸಂಶಯ ಸೆಲ್ಲಿನ ಮೇಲಲ್ಲ, ರಿಸೀವರಿನ ಜಾಗದ ಮೇಲೆ ಹೋಗಬೇಕು. ಯುಎಸ್‌ಬಿ 3ರ ಸಾಧನಗಳು ಕೆಲಸ ಮಾಡುವಾಗ 2.4 ಗಿಗಾಹರ್ಟ್ಸ್ ಸುತ್ತ ರೇಡಿಯೊ ಗದ್ದಲ ಎಬ್ಬಿಸುತ್ತವೆ. ರಿಸೀವರಿನ ಪಕ್ಕದಲ್ಲೇ ಅಂಥ ಪೆನ್‌ಡ್ರೈವ್ ಇದ್ದರೆ ಮೌಸಿನ ಸುದ್ದಿ ಅದರಲ್ಲಿ ಮುಳುಗುತ್ತದೆ. ರಿಸೀವರನ್ನು ಲ್ಯಾಪ್‌ಟಾಪಿನ ಇನ್ನೊಂದು ಬದಿಗೆ ಹಾಕಿ, ಇಲ್ಲವೇ ಒಂದು ಗೇಣುದ್ದದ ಎಕ್ಸ್‌ಟೆನ್ಷನ್ ಕೇಬಲ್ ಕೊಡಿ. ಮೌಸು ಬಿಸಾಡಬೇಡಿ.

ಕೊನೆಯ ಪ್ರಶ್ನೆ ಸಂದೇಶದ ಭಾಷೆಯ ಬಗ್ಗೆ ಬಂತು. "ಬ್ಯಾಟರಿ ಮಟ್ಟ ನಿಮ್ನವಾಗಿದೆ" ಎಂದು ಹಾಕಬೇಕೋ, ಬೇರೆಯೋ? ನಾನು "ಮೌಸಿನ ಸೆಲ್ಲು ಮುಗಿಯುತ್ತಾ ಬಂತು, ಇವತ್ತೇ ಬದಲಿಸಿ" ಎಂದು ಹಾಕುತ್ತೇನೆ. ನಿಮ್ನ ಎಂಬುದನ್ನು ಓದಿದ ಮಗು ಅರ್ಥ ಕೇಳುತ್ತದೆ. ಸೆಲ್ಲು ಮುಗಿಯುತ್ತಾ ಬಂತು ಎಂಬುದನ್ನು ಓದಿದ ಮಗು ಕಪಾಟಿನಿಂದ ಸೆಲ್ಲು ತರುತ್ತದೆ. ಸೊಲ್ಲಾಪುರದವರು "ಮುಗಿಲಿಕ್ಕ ಬಂದದ" ಎಂದು ಹಾಕಿಕೊಳ್ಳಿ, ಆ ಸಾಲು ಇರುವುದು ನಿಮ್ಮ ಕೈಯಲ್ಲೇ. ಸ್ಕ್ರಿಪ್ಟನ್ನು ಆಯೋಜಕರಿಗೆ ಕಳಿಸಿದ್ದೇನೆ, ಬೇಕಾದವರು ಅವರಿಂದ ಪಡೆದುಕೊಳ್ಳಬಹುದು. ನಿಮ್ಮ ಶಾಲೆಯ ಮೌಸು ಯಾವ ಬಗೆಯದ್ದು, ಅಂಕಿ ಕೊಟ್ಟಿತೋ ಶಬ್ದ ಕೊಟ್ಟಿತೋ ಎಂದು ಬರೆದು ಕಳಿಸಿದರೆ ಮುಂದಿನ ಗೋಷ್ಠಿಗೆ ಎಲ್ಲವನ್ನೂ ಒಂದು ಪಟ್ಟಿ ಮಾಡಿ ತರುತ್ತೇನೆ.